ಬಿಳಿಯಂಚಿನ ಉರುಯಿ

ನಮ್ಮ ಉಪ್ಪಿನಕಾಯಿ ಅಂಗಡಿಯ ಎದುರಿಗೆ ಕಿಯೋಜಿಯ ಮನೆ. ಮುಂದುಗಡೆ ನೆಲಚಾಪೆ ಹೊಲಿಯುವ ಅಂಗಡಿ, ಹಿಂದುಗಡೆ ಅವನ ಗಿಡಗಳು. ನಮ್ಮ ಓಣಿಯ ಮನೆಗಳಲ್ಲಿ ಹಾಸಿರುವ ತಾತಾಮಿ ಚಾಪೆಗಳಲ್ಲಿ ಮುಕ್ಕಾಲು ಪಾಲು ಅವನು ಮೊಣಕೈ ಒತ್ತಿ ದಾರ ಬಿಗಿದವೇ. ಆ ಮೊಣಕೈ ಮೇಲೆ ನಿಂಬೆಹಣ್ಣಿನಷ್ಟು ಜಡ್ಡು ಕಟ್ಟಿತ್ತು. ಮಾತು ಕಡಿಮೆ. ಗಿರಾಕಿಗಳು ಹರಟೆಗೆ ಕೂತರೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ತಲೆಯಾಡಿಸುತ್ತಿದ್ದ. ಆದರೆ ಯಾರಾದರೂ ಅವನ ಗಿಡಗಳ ಬಗ್ಗೆ ಕೇಳಿಬಿಟ್ಟರೆ ಮುಗಿಯಿತು, ಸೂಜಿ ಕೆಳಗಿಟ್ಟು ಹಿತ್ತಲಿಗೆ ಕರೆದುಕೊಂಡು ಹೋಗಿಬಿಡುತ್ತಿದ್ದ.

ಪೇಟೆಯವರು ಗಿಬೋಶಿ ಎನ್ನುವ, ಹೊರದೇಶದವರು ಹೋಸ್ಟಾ ಎನ್ನುವ ಆ ಗಿಡಕ್ಕೆ ನಮ್ಮ ಕಡೆ ಉರುಯಿ ಎಂದೇ ಹೆಸರು. ಕುಂಡದಲ್ಲಿದ್ದರೆ ಗಿಬೋಶಿ, ತಟ್ಟೆಗೆ ಬಂದರೆ ಉರುಯಿ. ಹಿಮ ಕರಗಿದ ಮೇಲೆ ಸುರುಳಿ ಸುತ್ತಿದ ಎಳೆ ಚಿಗುರನ್ನು ಕೊಯ್ದು, ಬಿಸಿನೀರಿನಲ್ಲಿ ಅದ್ದಿ ತೆಗೆದು, ಹುದುಗಿಸಿದ ಸೋಯಾ ಕಾಳಿನ ಮಿಸೊಗೆ ಹುಳಿ ಕಲಸಿದ ಗೊಜ್ಜಿನಲ್ಲಿ ತಿನ್ನುತ್ತೇವೆ. ಚಿಗುರನ್ನು ಬಿಟ್ಟುಬಿಟ್ಟರೆ ಅದೇ ಬಿಚ್ಚಿಕೊಂಡು ಅಗಲವಾದ ಎಲೆಯಾಗುತ್ತದೆ. ಕಿಯೋಜಿಗೆ ಈ ಎಲೆಯ ಹುಚ್ಚು. ಹಳೆಯ ಚಾಪೆಗಳ ಒಳಗಿನ ಹುಲ್ಲು ಕೊಳೆಸಿ ಬುಡಕ್ಕೆ ಹಾಕುತ್ತಿದ್ದ. ಬೆಳಗ್ಗೆ ಎದ್ದವನೇ ಊಟದ ಕಡ್ಡಿಯಿಂದ ಎಲೆ ತಿನ್ನುವ ಗೊಂಡೆಹುಳುಗಳನ್ನು ಒಂದೊಂದಾಗಿ ಹಿಡಿದು ಡಬ್ಬಿಗೆ ಹಾಕುತ್ತಿದ್ದ. ಮಳೆ ನಿಂತ ಮೇಲೆ ಹೆಂಡತಿ ಹರುಯೊ ಜೊತೆ ಹಿಂದಿನ ಜಗಲಿಯಲ್ಲಿ ಚಹಾ ಹಿಡಿದು ಕೂತು, ನೀಲಿ ಛಾಯೆಯ ಎಲೆಗಳ ಮೇಲೆ ಹನಿ ಉರುಳುವುದನ್ನು ನೋಡುವುದೇ ಅವನಿಗೆ ಹಬ್ಬ. ಮಕ್ಕಳಿರಲಿಲ್ಲ. ಮೂರನೆಯವಳೆಂದರೆ ತಾಯಿ ತೋವ, ಓಣಿಗೆಲ್ಲ ತೋವಜ್ಜಿ.

ತೋವಜ್ಜಿ ಬೆಟ್ಟದ ಹೆಂಗಸು. ಗಂಡ ಯುದ್ಧಕ್ಕೆ ಹೋಗಿ ಹಿಂತಿರುಗಲಿಲ್ಲ. ಆಮೇಲಿನ ಹಸಿವಿನ ವರ್ಷಗಳಲ್ಲಿ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ, ಸೊಪ್ಪು ಚಿಗುರು ತಂದು, ಅರ್ಧ ಸಂತೆಗೆ ಹಾಕಿ, ಅರ್ಧ ಮಗನಿಗೆ ಬೇಯಿಸಿ ಸಾಕಿದವಳು. ಉರುಯಿಯ ಜೊತೆಜೊತೆಗೇ ಅದರಂತೆಯೇ ಕಾಣುವ ವಿಷದ ಗಿಡವೊಂದು ಬೆಳೆಯುತ್ತದೆ. ಪ್ರತಿ ವಸಂತದಲ್ಲೂ ನಮ್ಮ ಜಿಲ್ಲೆಯಲ್ಲಿ ಯಾರಾದರೂ ಅದನ್ನು ತಿಂದು ಆಸ್ಪತ್ರೆ ಸೇರುವುದು ಇದ್ದದ್ದೇ. ನಮ್ಮ ಓಣಿಯಲ್ಲಿ ಮಾತ್ರ ಆ ಭಯವಿರಲಿಲ್ಲ. ಬುಟ್ಟಿಯನ್ನು ತೋವಜ್ಜಿಯ ಮುಂದಿಟ್ಟರೆ ಸಾಕು, ಬುಡವನ್ನು ಬೆರಳಲ್ಲಿ ತಿರುಗಿಸಿ, ಮೂಗಿಗೆ ಹಿಡಿದು, "ಇದು ತಿನ್ನು, ಇದು ಎಸಿ" ಎಂದು ಬೇರೆ ಮಾಡಿಕೊಡುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಅವಳ ಬೆರಳುಗಳು ತಪ್ಪಲಿಲ್ಲ.

ಕಿಯೋಜಿಗೆ ನಲವತ್ತರ ಸುಮಾರಿನಲ್ಲಿ ಒಂದು ಅಪರೂಪದ ಗಿಡ ಸಿಕ್ಕಿತು. ಮೊಗಾಮಿ ನದಿಯ ಮೇಲಿನ ಬಂಡೆಯ ಸೀಳಿನಲ್ಲಿ, ಸಾವಿರ ಹಸಿರು ಗಿಡಗಳ ನಡುವೆ ಒಂದೇ ಒಂದು. ಎಲೆಯ ಸುತ್ತ ಅಗಲವಾದ ಬಿಳಿಯ ಅಂಚು, ನಡುವೆ ಎಳೆಹಸಿರು. ಎರಡು ವರ್ಷ ಕುಂಡದಲ್ಲಿ ಸಾಕಿ, ಶರತ್ಕಾಲದಲ್ಲಿ ನೆಲಕ್ಕಿಳಿಸಿದ. ಹಿತ್ತಲಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಣ್ಣಿದ್ದದ್ದು ತೋವಜ್ಜಿಯ ಅಡುಗೆಯ ಉರುಯಿ ಪಾತಿಯಲ್ಲಿ. ಅದರ ತುದಿಯಲ್ಲೇ ನೆಟ್ಟು ಪಕ್ಕದಲ್ಲೊಂದು ಬಿದಿರಿನ ಗೂಟ ಹೊಡೆದ. ಮುಂದಿನ ಬೇಸಿಗೆಗೆ ಗಿಬೋಶಿ ಬೆಳೆಗಾರರ ಸಂಘದವರು ದೂರದ ಊರಿಂದ ಅದನ್ನು ನೋಡಲೆಂದೇ ಬರುವವರಿದ್ದರು. ಆ ಚಳಿಗಾಲ ಸೂರಿನಿಂದ ಜಾರಿದ ಹಿಮ ಗೂಟವನ್ನು ಮುರಿದುಹಾಕಿತು. ಅದನ್ನು ಯಾರೂ ಗಮನಿಸಲಿಲ್ಲ.

ವಸಂತ ಬಂತು. ದೇವಸ್ಥಾನದ ದೊಡ್ಡ ಕೋಣೆಯ ಚಾಪೆ ಕೆಲಸ ಬಂದು ಕಿಯೋಜಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಹೊಸ ಹಾಸು ಹೊಲಿಸಿದ್ದ ನಮ್ಮ ಚಾಪೆ ತರಲು ನಾನು ಮಧ್ಯಾಹ್ನ ಹೋದೆ. ಊಟದ ಹೊತ್ತು.

"ಕೂತ್ಕೊಳ್ಳಿ ಅಕ್ಕ, ಒಂದು ತುತ್ತು ತಿಂದ್ಕೊಂಡು ಹೋಗಿ. ಅತ್ತೆ ಉರುಯಿ ಮಾಡಿದಾರೆ" ಎಂದಳು ಹರುಯೊ.

ಗೊಜ್ಜು ಮೆತ್ತಿದ ಚಿಗುರನ್ನು ಎಲ್ಲರೂ ತಿಂದೆವು. ಕಿಯೋಜಿ ಎರಡನೇ ಸಲ ಹಾಕಿಸಿಕೊಂಡ. "ಅವ್ವ, ಈ ಸಲದ್ದು ಎಷ್ಟು ಎಳೇದು! ಬೆಣ್ಣೆ ಇದ್ದಂಗಿದೆ. ಯಾವ ಗುಡ್ಡದ್ದು?"

ತೋವಜ್ಜಿಯ ಮುಖ ಅರಳಿತು. "ಈ ಮಂಡಿ ಇಟ್ಕೊಂಡು ಗುಡ್ಡ ಎಲ್ಲಿ ಹತ್ಲೋ? ಹಿತ್ತಲದ್ದೇ. ನನ್ನ ಪಾತಿ ತುದೀಲಿ ಒಂದು ಬುಡ ಎಷ್ಟು ದಪ್ಪಗೆ ಎದ್ದಿತ್ತು ಅಂತೀಯ! ಹಗಲೂ ರಾತ್ರಿ ದುಡೀತಾ ಇದ್ದೀಯಲ್ಲ, ನಿಂಗೇ ಇರ್ಲಿ ಅಂತ ಅದನ್ನೇ ಕೊಯ್ದೆ."

ಕಿಯೋಜಿ ಕಡ್ಡಿ ಕೆಳಗಿಟ್ಟ. ಬರಿಗಾಲಲ್ಲೇ ಹಿತ್ತಲಿಗೆ ಓಡಿದ. ಬಾಗಿಲಿಗೆ ವಾಪಸು ಬಂದಾಗ ಅವನ ಮುಖ ನೋಡಿ ಹರುಯೊ ಎದ್ದು ನಿಂತಳು.

"ಹೊಟ್ಟೆ, ಹೊಟ್ಟೆ, ಹೊಟ್ಟೆ! ಕೈಗೆ ಸಿಕ್ಕಿದ್ದೆಲ್ಲ ಹೊಟ್ಟೆಗೇ ಬೇಕಾ ನಿಂಗೆ? ಯುದ್ಧ ಮುಗಿದು ಯಾವ ಕಾಲ ಆಯ್ತು! ಇನ್ನೂ ಭಿಕ್ಷುಕರ ಥರ ಕಂಡಿದ್ದು ಕಿತ್ಕೊಂಡು ತಿನ್ನೋ ಬುದ್ಧಿ ಬಿಡಲಿಲ್ಲ ನೀನು."

"ರೀ, ಸಾಕು ಸುಮ್ನಿರಿ" ಎಂದಳು ಹರುಯೊ.

ತೋವಜ್ಜಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನ ಬಿಳಿ ಗಿಡಾನಾ? ಅಯ್ಯೋ, ಕುಂಡದಲ್ಲಿತ್ತಲ್ಲೋ ಅದು... ಬುಡ ಬಿಟ್ಟೇ ಕೊಯ್ದಿದೀನಿ ಮಗ. ಮತ್ತೆ ಬರುತ್ತೆ. ಉರುಯಿ ಅಂದ್ರೆ ಹಂಗೇ, ಬೇರು ಗಟ್ಟಿ ಇದ್ರೆ..."

"ನಿಂಗೇನ್ ಗೊತ್ತು! ಇನ್ಮೇಲೆ ಹಿತ್ತಲಿಗೆ ಕಾಲಿಡಬೇಡ."

ಸಿಟ್ಟಿನಲ್ಲಿ ಅವನ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ತೋವಜ್ಜಿ ತಟ್ಟೆಗಳನ್ನು ತಡವಿ ಒಟ್ಟುಮಾಡಿ ಒಳಗೆ ಹೋದಳು. ಅಂದಿನಿಂದ ಹಿತ್ತಲಿಗೆ ಕಾಲಿಡಲಿಲ್ಲ. ಬಟ್ಟೆ ಒಣಗಿಸುವುದಕ್ಕೂ ಮುಂದಿನ ಬಾಗಿಲಿಗೇ ಬರುತ್ತಿದ್ದಳು.

ಬೇಸಿಗೆಯ ಮಳೆ ಹಿಡಿಯುವ ಮೊದಲೇ ಗಿಡ ಮತ್ತೆ ಚಿಗುರಿತು. ಮೊದಲು ಕಂಡವಳು ಹರುಯೊ. ಎಲೆ ಚಿಕ್ಕವು, ಆದರೆ ಬಿಳಿಯಂಚು ಮೊದಲಿನಷ್ಟೇ ಅಚ್ಚುಕಟ್ಟು. ಅತ್ತೆಗೆ ಹೇಳಲು ಅವಳು ಒಳಗೆ ಓಡುವುದರಲ್ಲಿದ್ದಾಗ ಕಿಯೋಜಿ ತಡೆದ. "ನಾನೇ ಹೇಳ್ತೀನಿ" ಎಂದ.

ಆ ಸಂಜೆ ಅವನು ಬಾಯಿ ತೆರೆಯುವ ಮೊದಲೇ ತೋವಜ್ಜಿ ಕೇಳಿದಳಂತೆ, "ಬಂತೇನೋ ಅದು?" ಎಂದು.

"ಇಲ್ಲ. ಕೊಳೆತೋಯ್ತು."

ಹರುಯೊಳ ಕೈಯಲ್ಲಿ ಸೌಟು ಹಾಗೇ ನಿಂತಿತು. ತೋವಜ್ಜಿ ಮತ್ತೆ ಕೇಳಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷಗಳ ಮೇಲೆ ನಾನು ಅವನನ್ನು ಕೇಳಿದೆ. "ಬಂತು ಅಂದಿದ್ರೆ ಅವ್ವ ನಗ್ತಿದ್ಲು. 'ನಾನು ಹೇಳಲಿಲ್ವಾ' ಅಂತಿದ್ಲು. ಅವತ್ತು ಅದನ್ನ ಕೇಳೋಕೆ ನಂಗಾಗ್ತಿರಲಿಲ್ಲ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ" ಎಂದ.

ಆ ನಾಳೆ ಬರಲಿಲ್ಲ. ಒಂದು ವಾರ ಕಳೆದ ಮೇಲೆ ಹೇಳಿದರೆ, ಯಾಕೆ ಸುಳ್ಳು ಹೇಳಿದೆ ಎಂಬ ಪ್ರಶ್ನೆ ಬರುತ್ತದೆ. ಒಂದು ವರ್ಷ ಕಳೆದರೆ ಅದು ಇನ್ನೂ ದೊಡ್ಡದಾಗುತ್ತದೆ. ಗಂಡನ ಸುಳ್ಳನ್ನು ತಾನೇ ಬಯಲು ಮಾಡಲಾರದೆ, ಹೇಳಿಬಿಡಿ ಎಂದು ಹರುಯೊ ಆಗಾಗ ನೆನಪಿಸುತ್ತಿದ್ದಳು, ಅವನು ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದ. ಆಮೇಲೆ ಅವಳೂ ಬಿಟ್ಟಳು.

ಮುಂದಿನ ವಸಂತದಲ್ಲಿ ನಾನು ಎಂದಿನಂತೆ ಬುಟ್ಟಿ ತೆಗೆದುಕೊಂಡು ತೋವಜ್ಜಿಯ ಹತ್ತಿರ ಹೋದೆ. ಅವಳು ಕೈ ಚಾಚಲಿಲ್ಲ.

"ನನ್ನ ಕೇಳ್ಬೇಡ ತಾಯಿ."

"ಯಾಕಜ್ಜಿ? ನೀವು ನೋಡ್ದೆ ನಾನು ಒಲೆಗೆ ಹಾಕಲ್ಲ, ನಿಮಗೇ ಗೊತ್ತಲ್ಲ."

"ಈ ಕೈ ಈಗ ನೆಚ್ಚೋ ಹಾಗಿಲ್ಲ. ಬೇರು ಉಳಿಸಿದೀನಿ ಅಂದ್ಕೊಂಡಿದ್ದೆ, ಉಳಿಸಿರಲಿಲ್ಲ. ನಾಳೆ ವಿಷಾನೇ ಉರುಯಿ ಅಂದ್ಬಿಟ್ರೆ?"

ನನಗೆ ಆಗ ಒಳಗಿನ ವಿಷಯ ಗೊತ್ತಿರಲಿಲ್ಲ. ವಯಸ್ಸಾಯಿತು, ಅದಕ್ಕೇ ಹೀಗೆ ಎಂದುಕೊಂಡು ಬುಟ್ಟಿಯನ್ನು ಚರಂಡಿಗೆ ಸುರಿದೆ. ಓಣಿಯ ಉಳಿದವರೂ ಒಬ್ಬೊಬ್ಬರಾಗಿ ಬೆಟ್ಟಕ್ಕೆ ಹೋಗುವುದನ್ನು ಬಿಟ್ಟರು. ತೋವಜ್ಜಿ ಒಲೆಯ ಕೆಲಸವನ್ನೂ ಸೊಸೆಗೆ ಬಿಟ್ಟು, ಒಳಕೋಣೆಯಲ್ಲಿ ಚಾಪೆಯ ಅಂಚಿನ ಬಟ್ಟೆ ಮಡಚಿಕೊಡುತ್ತ ಕೂತಳು.

ಕಿಯೋಜಿ ಏನೇನೋ ಮಾಡಿದ. ತಾಯಿಗೆ ಹತ್ತಿ ತುಂಬಿದ ಹೊಸ ಅಂಗಿ ತಂದ. ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋದ, ಅಲ್ಲಿ ಬೆನ್ನು ತಿಕ್ಕಿಸಲು ಆಳು ಮಾಡಿದ. ಅವಳು "ಇದೆಲ್ಲ ಯಾಕೋ?" ಎನ್ನುತ್ತಿದ್ದಳು, ಅವನು "ಸುಮ್ನೆ" ಎನ್ನುತ್ತಿದ್ದ. ಅಷ್ಟರಲ್ಲಿ ಗಿಡ ಬೆಳೆದು ಮೊಣಕಾಲೆತ್ತರದ ಗುಪ್ಪೆಯಾಯಿತು. ತೋವಜ್ಜಿಗೆ ತಿಳಿಯದಂತೆ ಕರೆದು ತೋರಿಸಿದಾಗ ಸಂಘದವರು ಬೆರಗಾದರು. ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಬಹುಮಾನದ ಫಲಕವನ್ನು ಅವನು ಮನೆಯೊಳಗೆ ತರದೆ ಅಂಗಡಿಯ ಹುಲ್ಲಿನ ಮೂಟೆಗಳ ಹಿಂದೆ ಇಟ್ಟ. ಗಿಡಕ್ಕೆ ಹೆಸರು ಕೊಡಿ ಎಂದು ಸಂಘದವರು ದುಂಬಾಲು ಬಿದ್ದರೂ ಕೊಡಲಿಲ್ಲ.

ಆಮೇಲೊಂದು ವರ್ಷ ಯಾಮಾಗತಾದ ಆಸ್ಪತ್ರೆಯಲ್ಲಿ ತೋವಜ್ಜಿಯ ಕಣ್ಣಿನ ಪೊರೆ ತೆಗೆಸಿದರು. ಹೋಗುವಾಗ ಕಿಯೋಜಿ ಹೆಂಡತಿಗೆ ಹೇಳಿದನಂತೆ, "ಕಣ್ಣು ಬಂದ್ಮೇಲೆ ನಾನೇ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋಗ್ತೀನಿ. ನೋಡ್ಲಿ. ಬೈದ್ರೆ ಬೈಸ್ಕೋತೀನಿ." ಹರುಯೊ ಅವತ್ತು ನಮ್ಮ ಅಂಗಡಿಗೆ ಬಂದು ಮೂಲಂಗಿ ಉಪ್ಪಿನಕಾಯಿ ಕಟ್ಟಿಸಿಕೊಳ್ಳುತ್ತ ನನಗೆ ಎಲ್ಲವನ್ನೂ ಹೇಳಿದ್ದು. ಅವಳ ಮುಖದಲ್ಲಿ ಅಷ್ಟು ಹಗುರ ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ತೋವಜ್ಜಿ ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಚಾಪೆಯ ದಾರದ ಗಂಟುಗಳನ್ನು ನೋಡಿ ನಕ್ಕಳು. ಸೊಸೆಯ ತಲೆಯಲ್ಲಿ ಬಿಳಿಕೂದಲು ಕಂಡು, "ಇದ್ಯಾವಾಗ ಬಂತೇ ನಿಂಗೆ?" ಎಂದು ಬೆರಗಾದಳು. ಕಿಯೋಜಿ ಹಿಂದಿನ ಬಾಗಿಲು ಸರಿಸಿದ. ಅವಳು ಹೊಸ್ತಿಲಲ್ಲೇ ನಿಂತಳು. ಗಿಡ ಆಗ ಪೂರ್ತಿ ಹರಡಿಕೊಂಡಿತ್ತು.

"ಎಷ್ಟು ಚೆಂದ ಇದೆಯೋ" ಎಂದಳು. ನೋಡುತ್ತ ನಿಂತು, ಆಮೇಲೆ ಮೆಲ್ಲಗೆ, "ನಾನು ಕೊಯ್ದಿದ್ದೂ ಹೀಗೇ ಇತ್ತಾ?" ಎಂದಳು.

ಅವಳ ದನಿಯಲ್ಲಿ ಅಷ್ಟು ಅಳುಕಿತ್ತು ಎನ್ನುತ್ತಾನೆ ಕಿಯೋಜಿ. ಇದೇ ಅದು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಹೇಳಿದ ಕ್ಷಣದಲ್ಲಿ ಅವಳ ಹೊಸ ಕಣ್ಣು ತನ್ನ ಮುಖದ ಕಡೆ ತಿರುಗುತ್ತದಲ್ಲ ಎಂದು ಹೆದರಿದ.

"ಹೆಚ್ಚುಕಮ್ಮಿ ಹೀಗೇ. ಇದು ಬೇರೆ, ಆಮೇಲೆ ತಂದಿದ್ದು" ಎಂದ.

ಅವಳು ತಲೆಯಾಡಿಸಿ ಒಳಗೆ ಹೋದಳು. ಹರುಯೊ ಕೆಲವು ದಿನ ಗಂಡನ ಜೊತೆ ಮಾತಾಡಲಿಲ್ಲ. ಮುಂದಿನ ಚಳಿಗಾಲದಲ್ಲಿ ತೋವಜ್ಜಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಹಿಮ ಕಡಿದು ದಾರಿ ಮಾಡಿ ವೈದ್ಯರನ್ನು ಕರೆತಂದರೂ ಉಳಿಯಲಿಲ್ಲ. ಜ್ವರದ ದಿನಗಳಲ್ಲಿ ಕಿಯೋಜಿ ಹಾಸಿಗೆಯ ಪಕ್ಕ ಕೂತು ಒಮ್ಮೆ ಹೇಳಲು ಶುರುಮಾಡಿದನಂತೆ. ಅವಳು ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ.

ವರ್ಷದ ತಿಥಿಗೆ ಹತ್ತಿರದವರೆಲ್ಲ ಸೇರಿದ್ದೆವು. ತೋವಜ್ಜಿಯ ತಂಗಿ ಯಾಸು ಬೆಟ್ಟದ ಹಳ್ಳಿಯಿಂದ ಬಂದಿದ್ದಳು. ಊಟ ಮುಗಿದು ಬಟ್ಟಲುಗಳಿಗೆ ಅಕ್ಕಿಯ ಮದ್ಯ ಸಾಕೆ ಸುರಿಯುತ್ತಿದ್ದಾಗ ಕಿಯೋಜಿ ಎದ್ದು ಮಂಡಿಯೂರಿ ಕೂತು, ಎಲ್ಲರೆದುರು ಎರಡು ಸುಳ್ಳನ್ನೂ ಹೇಳಿಬಿಟ್ಟ. ಪುರೋಹಿತರು ಬಟ್ಟಲು ಕೆಳಗಿಟ್ಟರು. ಯಾಸು ಅವನ ಕಡೆ ತಿರುಗಿ ಕೂತಳು.

"ಅಡುಗೆ ಯಾಕಕ್ಕ ಬಿಟ್ಟೆ ಅಂತ ಒಂದ್ಸಲ ಕೇಳಿದ್ದೆ ಕಣೋ. ಏನಂದ್ಲು ಗೊತ್ತಾ? 'ಗಿಡ ಸತ್ತಿದ್ದಕ್ಕಲ್ಲ ಯಾಸು, ಮಗನಿಗೆ ನನ್ನ ಕೈಯಾರೆ ವಿಷ ಹಾಕ್ಬಿಟ್ರೆ ಅಂತ ಭಯ' ಅಂದ್ಲು. ಒಂದು ಮಾತು ಹೇಳಿದ್ರೆ ಆ ಭಯ ಹೋಗ್ತಿತ್ತಲ್ಲೋ."

"ಬೈಯಿ ಚಿಕ್ಕಮ್ಮ" ಎಂದ ಕಿಯೋಜಿ.

"ನಾನ್ಯಾಕೆ ಬೈಲಿ? ಬೈಯಬೇಕಾದವಳು ಹೋದ್ಲು" ಎಂದು ಯಾಸು ಮುಖ ತಿರುಗಿಸಿಕೊಂಡಳು.

ಆ ವಸಂತದಲ್ಲಿ ಗಂಡಹೆಂಡಿರಿಬ್ಬರೂ ತೋವಜ್ಜಿ ಹೋಗುತ್ತಿದ್ದ ಗುಡ್ಡ ಹತ್ತಿದರು. ಅವಳು ಯಾವ ಇಳಿಜಾರಿನಲ್ಲಿ ಕೊಯ್ಯುತ್ತಿದ್ದಳೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಎಲ್ಲೆಲ್ಲೋ ತಿರುಗಿ ಅರ್ಧ ಬುಟ್ಟಿ ತಂದರು. ಅಡುಗೆಮನೆಯಲ್ಲಿ ಸುರಿದು ಒಂದೊಂದನ್ನೇ ಮೂಸಿ ನೋಡಿದರು. ಯಾವುದು ಉರುಯಿ, ಯಾವುದು ವಿಷ ಎಂದು ತಿಳಿಯದೆ ಕೊನೆಗೆ ಎಲ್ಲವನ್ನೂ ಹೊಳೆಗೆ ಹಾಕಿ ಬಂದರು.

ಈಗ ಕಿಯೋಜಿಗೆ ಎಪ್ಪತ್ತು ದಾಟಿದೆ. ಹೊಲಿಯುವುದನ್ನು ನಿಲ್ಲಿಸಿದ್ದಾನೆ, ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ. ಪ್ರದರ್ಶನಗಳಿಗೆ ಹೋಗುವುದಿಲ್ಲ. ಬಿಳಿಯಂಚಿನ ಗಿಡವನ್ನು ಸೀಳಿ ಕೇಳಿದವರಿಗೆಲ್ಲ ಕೊಟ್ಟಿದ್ದಾನೆ. ನಮ್ಮ ಬಾವಿಯ ಪಕ್ಕದಲ್ಲೂ ಒಂದು ಬುಡ ಚೆನ್ನಾಗಿ ಬಂದಿದೆ. ಮೊನ್ನೆ ಮಳೆ ನಿಂತ ಮೇಲೆ ಹರುಯೊ ನಮ್ಮಲ್ಲಿಗೆ ಬಂದಿದ್ದಳು. "ಜಗಲೀಲಿ ಕೂತ್ರೆ ಇವ್ರು ಮೊದಲು ಒಂದೊಂದು ಎಲೆ ತೋರಿಸಿ ಅದೂ ಇದೂ ಹೇಳ್ತಿದ್ರು ಅಕ್ಕ. ಈಗ ಸುಮ್ನೆ ನೋಡ್ತಾ ಕೂತಿರ್ತಾರೆ. ಚಹಾ ಆರಿದ್ದೂ ಗೊತ್ತಾಗಲ್ಲ. ನಾನೇ ಮಾತಾಡಿಸ್ಬೇಕು" ಎಂದಳು.