ಹುಳು ಮಲಗಿದ್ದ ಮನೆಗೆ ಹೋಗಿಬಂದದ್ದು

ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ಆ ಬೆಳಿಗ್ಗೆ ಎಂಥ ಮಂಜಿತ್ತೆಂದರೆ, ಬೋರ್ಡು ಓದಬೇಕಾದರೆ ಬಸ್ಸಿಗೆ ಮೂಗು ತಾಗಿಸಬೇಕಿತ್ತು. ಸಂಕ್ರಾಂತಿ ಕಳೆದರೂ ಚಳಿ ಬಿಟ್ಟಿರಲಿಲ್ಲ. ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟು ಹರಿಸಿಕೊಂಡು ಕಿಟಕಿ ಪಕ್ಕ ಕೂತೆ. ಮಡಿಲಲ್ಲಿ ಸ್ಯಾಂಪಲ್ ಯೂನಿಫಾರ್ಮುಗಳ ಚೀಲ, ಕೈಯಲ್ಲಿ ಫೋನು. ಬಸ್ಸು ಊರು ದಾಟುವ ಮೊದಲೇ ಅದು ಬಡಿದುಕೊಳ್ಳಲು ಶುರುಮಾಡಿತು.

ನನ್ನದು ಶಾಲಾ ಯೂನಿಫಾರ್ಮ್ ಹೊಲಿಯುವ ಸಣ್ಣ ಘಟಕ. ಹನ್ನೆರಡು ಮಿಷನ್ನು, ಹನ್ನೆರಡು ಹೆಂಗಸರು, ಮಿಕ್ಕಿದ್ದಕ್ಕೆಲ್ಲ ನಾನು. ಬಟ್ಟೆ ತರುವುದು ನಾನು, ಕತ್ತರಿಸುವುದು ನಾನು, ಕರೆಂಟು ಹೋದರೆ ಲೈನ್‌ಮ್ಯಾನನ್ನು ಗೋಗರೆಯುವುದು ನಾನು, ಯಾರಾದರೂ ರಜ ಹಾಕಿದರೆ ಅವರ ಮಿಷನ್ನಿನ ಮೇಲೆ ಕೂರುವುದೂ ನಾನೇ. ಯಾರೂ ಹೇಳಿದ್ದಲ್ಲ. ನಾನೇ ಮೈಮೇಲೆ ಎಳೆದುಕೊಂಡದ್ದು. ಸಂಕ್ರಾಂತಿಗೆ ಮುಂಚೆ ಒಂದು ದಿನ ಬಟ್ಟೆಯ ಅಟ್ಟಿಯನ್ನು ತಪ್ಪಾಗಿ ಮಡಚಿ ಕತ್ತರಿಸಿಬಿಟ್ಟೆ. ಎತ್ತಿ ನೋಡಿದರೆ ಅಷ್ಟೂ ಎಡತೋಳು. ಬಲತೋಳು ಹುಡುಕಿದರೂ ಇಲ್ಲ. ಶುರುವಿನಿಂದ ನನ್ನ ಜೊತೆಗಿರುವ ಪರ್ವೀನ್ ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. "ಅಕ್ಕಾ, ಮನೆಗೋಗಿ ಮಲ್ಕೊಳ್ಳಿ" ಎಂದಳು.

ಮಲಗಿದರೆ ನಿದ್ದೆ ಬರಬೇಕಲ್ಲ. ಕಣ್ಣು ಮುಚ್ಚಿದರೆ ಮಿಷನ್ನಿನ ಸದ್ದು, ತೆರೆದರೆ ಫೋನಿನ ಬೆಳಕು. ಪಿಯುಸಿ ಓದುವ ಮಗಳು ಊಟದ ಮುಂದೆ ಕೂತು, "ಅಮ್ಮಾ, ನೀನು ಮನೇಲಿದ್ರೂ ಇರಲ್ಲ ಬಿಡು" ಎಂದಳು. ಸಿಟ್ಟಿನಿಂದ ಅಂದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಸಾರು ಬಡಿಸಿಕೊಳ್ಳುತ್ತಾ ಸುಮ್ಮನೆ ಅಂದಳು. ಅದು ಎದೆಯಲ್ಲೇ ಉಳಿಯಿತು.

ಅದೇ ವಾರ ಚಿಂತಾಮಣಿಯಿಂದ ನಮಗೆ ಆರ್ಡರ್ ಕೊಡುವ ಬಟ್ಟೆ ಅಂಗಡಿಯ ಯಜಮಾನರು ಫೋನ್ ಮಾಡಿದರು. ಈ ಸಲ ಹೋದ ವರ್ಷದ ಎರಡರಷ್ಟು ಹೊಲಿದು ಕೊಡಬೇಕು, ಶಾಲೆ ಶುರುವಾಗುವ ಮೊದಲೇ ಮುಗಿಯಬೇಕು, ಒಪ್ಪಿಗೆಯಾದರೆ ಬಂದು ಮಾತಾಡಿ ಎಂದರು. ರಾತ್ರಿ ಪಾಳಿ ಮಾಡದೆ ಅದು ಮುಗಿಯುವ ಕೆಲಸವಲ್ಲ. ಬರುತ್ತೇನೆಂದೆ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಮಾತ್ರ ನನಗೇ ಗೊತ್ತಿರಲಿಲ್ಲ.

ದಾರಿಯಲ್ಲಿ ಒಂದು ರಾತ್ರಿ ರತ್ನಕ್ಕನ ಮನೆಯಲ್ಲಿ ತಂಗುವುದೆಂದು ಗಟ್ಟಿಮಾಡಿಕೊಂಡೆ. ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಸ್ವಲ್ಪ ದೂರದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಾಳೆ. ನಮ್ಮ ತವರಿನಲ್ಲೂ ಹುಳು ಸಾಕುತ್ತಿದ್ದರು. ಬಿದಿರಿನ ತಟ್ಟೆಗಳ ಸಾಲಿನ ಕೆಳಗೆ ಚಾಪೆ ಹಾಸಿ, ಅಮ್ಮನ ಆ ಕಡೆ ಅಕ್ಕ, ಈ ಕಡೆ ನಾನು. ಮೇಲೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಒಣಹುಲ್ಲಿನ ಮೇಲೆ ತುಂತುರು ಹನಿಯುತ್ತಿರುವ ಹಾಗೆ. ಅಂಥ ನಿದ್ದೆ ಆಮೇಲೆ ನನಗೆ ಬರಲೇ ಇಲ್ಲ. ಆ ಸದ್ದು ಒಂದೇ ಒಂದು ರಾತ್ರಿ ಕಿವಿಗೆ ಬೀಳಲಿ, ಆಮೇಲೆ ಏನು ಬೇಕಾದರೂ ಮಾಡಿಯೇನು ಅನ್ನಿಸುತ್ತಿತ್ತು.

ಮಂಚೇನಹಳ್ಳಿ ದಾಟುವ ಹೊತ್ತಿಗೂ ಬೆಟ್ಟಗಳು ಮಂಜಿನಿಂದ ಹೊರಗೆ ಬಂದಿರಲಿಲ್ಲ. ಪಕ್ಕದಲ್ಲಿ ಗುಲಾಬಿ ಮೂಟೆ ಇಟ್ಟುಕೊಂಡ ಹೆಂಗಸೊಬ್ಬರು ಕೂತಿದ್ದರು, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೊರಟವರು. ನನ್ನ ಫೋನು ನಾಲ್ಕನೇ ಸಲ ಬಡಿದುಕೊಂಡಾಗ ಅವರಿಗೆ ತಡೆಯಲಾಗಲಿಲ್ಲ.

"ಯಾರಮ್ಮ ಅಷ್ಟೊಂದು ಕರೀತಾರೆ? ಕೈಗೂಸು ಬಿಟ್ಟು ಬಂದಿದ್ದೀರಾ?"

"ಹನ್ನೆರಡು ಕೂಸಮ್ಮ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮೂಟೆಯಿಂದ ಒಂದು ಗುಲಾಬಿ ತೆಗೆದು ಕೊಟ್ಟು, "ತಲೆಗಿಟ್ಕೊಳ್ಳಿ, ಪಾಪ" ಎಂದರು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವ ಮುಂಚೆ ಎರಡು ಇಡ್ಲಿ, ಒಂದು ವಡೆ ತಿಂದೆ. ಚಟ್ನಿ ನಾಲಿಗೆಗೆ ತಾಗುವಷ್ಟರಲ್ಲಿ ಪರ್ವೀನ್ ಕರೆದು ಕಾಲರಿನ ಕ್ಯಾನ್ವಾಸು ಎಲ್ಲಿದೆ ಎಂದು ಕೇಳಿದಳು. ಅದು ಅವಳ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಶಿಡ್ಲಘಟ್ಟ ಅಲ್ಲಿಂದ ಅರ್ಧ ಗಂಟೆಯ ದಾರಿ. ಊರು ಹತ್ತಿರವಾಗುತ್ತಲೇ ಗೂಡು ಬೇಯಿಸುವ ಆ ಹಸಿಕಮಟು ವಾಸನೆ ಬಸ್ಸಿನೊಳಗೆ ಬಂತು. ಬೇರೆಯವರು ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜು ಇನ್ನಷ್ಟು ಸರಿಸಿದೆ.

ಶಿಡ್ಲಘಟ್ಟದಿಂದ ಆಟೋದಲ್ಲಿ ಹೋಗಿ ಇಳಿದರೆ, ರತ್ನಕ್ಕ ಅಂಗಳದ ಬಿಸಿಲಿಗೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ತಲೆಗೆ ಹರಳೆಣ್ಣೆ ಮೆತ್ತಿಕೊಂಡಿದ್ದಳು. ಹುಳು ಸಾಕುವ ಮನೆಯಲ್ಲಿ ನಡುಹಗಲು ಹೀಗೆ ಕೂತವರನ್ನು ನಾನು ನೋಡಿದ್ದು ಕಡಿಮೆ.

"ಸೊಪ್ಪು ಕೊಯ್ಯೋಕೆ ಹೋಗಿಲ್ವೇನಕ್ಕ?"

"ಯಾಕೆ ಕೊಯ್ಯಲಿ? ನಿನ್ನೆ ಸಾಯಂಕಾಲದಿಂದ ನಾಲ್ಕನೇ ಜ್ವರಕ್ಕೆ ಕೂತಿವೆ ಕಣೇ."

ನಮ್ಮ ಕಡೆ ಹುಳುವಿನ ನಿದ್ದೆಗೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಎಲ್ಲ ಗೊತ್ತಿದ್ದೂ, ಮೇಯುವ ಸದ್ದೇ ಇಲ್ಲದ ಆ ದಿನವೇ ಹೋಗಿದ್ದೆನಲ್ಲ ಎಂದು ಅಳು ಬಂದುಬಿಟ್ಟಿತು. ಚೀಲ ಹಿಡಿದುಕೊಂಡೇ ಅತ್ತೆ.

"ಅಯ್ಯೋ, ಹುಳು ಮಲಗಿದ್ದಕ್ಕೆ ಅಳ್ತಾರೇನೇ ಯಾರಾದ್ರೂ" ಎಂದು ಅಕ್ಕ ಹರಳೆಣ್ಣೆಯ ಕೈಯಲ್ಲೇ ನನ್ನ ಗಲ್ಲ ಒರೆಸಿದಳು. "ಬಾ, ಕೂತ್ಕೋ. ನಾಳೆ ಎದ್ರೆ ಎದ್ದಾವು. ಚಳಿಗೆ ತಡ ಆಗುತ್ತೆ, ಹೇಳಕ್ಕಾಗಲ್ಲ."

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ಭಾವ ಕೂಲಿಯಾಳುಗಳನ್ನು ಗೊತ್ತುಮಾಡಲು ಪಕ್ಕದ ಊರಿಗೆ ಹೋಗಿದ್ದರು, ಏಕೆಂದರೆ ಈ ಜ್ವರ ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿ ಮೇವು. ಊಟವಾದ ಮೇಲೆ ಅಕ್ಕ ಬಾಗಿಲು ಮುಂದೆ ಮಾಡಿ ಮಲಗಿದಳು. ನನಗೂ ಚಾಪೆ ಹಾಸಿದಳು. ನಾನು ಎದ್ದು ಪಾತ್ರೆ ತೊಳೆದೆ, ಅಂಗಳ ಗುಡಿಸಿದೆ, ಪರ್ವೀನಳಿಗೆ ಫೋನ್ ಮಾಡಿದೆ, ಹಿತ್ತಲಿನ ಸೀಬೆಗಿಡಕ್ಕೆ ನೀರು ಹಾಕಿದೆ. ಅಕ್ಕ ಮಲಗಿದಲ್ಲಿಂದಲೇ, "ಆ ಗಿಡ ಕೊಳೆತುಹೋಗುತ್ತೆ, ಬಿಡೇ ಮಾರಾಯ್ತಿ" ಎಂದಳು.

"ನಿಂಗೆ ಸುಸ್ತಾಗಲ್ವೇನಕ್ಕ, ಇಷ್ಟು ವರ್ಷದಿಂದ?"

"ಆಗ್ದೆ ಏನು. ಅವು ನಾಲ್ಕು ಸಲ ಮಲಗ್ತಾವೆ, ಅವುಗಳ ಜೊತೆ ನಾನೂ ಮಲಗ್ತೀನಿ. ಜ್ವರದ ದಿನ ಯಾರು ಕರೆದ್ರೂ ಎಲ್ಲಿಗೂ ಹೋಗಲ್ಲ. ನಮ್ಮತ್ತೆ ಸತ್ತು ವರ್ಷದ ಕಾರ್ಯ ಬಂದಾಗ್ಲೂ ದಿನ ನೋಡ್ಕೊಂಡು ಮಾಡಿದ್ದು. ಇಲ್ದಿದ್ರೆ ನಾನು ಯಾವಾಗಲೋ ಹೋಗ್ಬಿಡ್ತಿದ್ದೆ ಕಣೇ."

ಆ ರಾತ್ರಿ ಹುಳುಮನೆಯ ಗೋಡೆಗೆ ಒತ್ತಿಕೊಂಡಿರುವ ಕೋಣೆಯಲ್ಲೇ ಮಲಗಿದೆ. ಆ ಕಡೆಯಿಂದ ಉಸಿರಿನಷ್ಟು ಸದ್ದೂ ಇಲ್ಲ. ಅಮ್ಮನನ್ನು ನೆನೆಸಿಕೊಂಡೆ. ನಿದ್ದೆ ಬಂತೋ ಇಲ್ಲವೋ ತಿಳಿಯದೆ ಬೆಳಗಾಯಿತು.

ಅಕ್ಕ ಏಳುವ ಮೊದಲೇ ಎದ್ದೆ. ಬಾಗಿಲ ಬಳಿಯ ಔಷಧಿ ನೀರಿನಲ್ಲಿ ಕಾಲು ಅದ್ದಿ ಹುಳುಮನೆಯೊಳಗೆ ಹೋದೆ. ಬಾಗಿಲ ಹತ್ತಿರದ ಸ್ಟ್ಯಾಂಡಿನ ಒಂದು ತುದಿಯಲ್ಲಿ ಕೆಲವು ಹುಳುಗಳು ಎದ್ದು, ಹೊಸ ಮೈಯಲ್ಲಿ, ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಹಸಿದಿವೆ ಅನ್ನಿಸಿತು. ಹಸಿದವರನ್ನು ಕಂಡು ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ. ಒದ್ದೆ ಗೋಣಿಯ ಕೆಳಗಿದ್ದ ಸೊಪ್ಪಿನ ಕಡ್ಡಿಗಳನ್ನು ತಂದು ಆ ತುದಿಗೆ ಹಾಸಿದೆ. ಅವು ತಿನ್ನಲು ಶುರುಮಾಡಿದವು. ಸದ್ದು ಕೇಳಿಸುವಷ್ಟಿರಲಿಲ್ಲ, ಕಿವಿ ಹತ್ತಿರ ತಂದೆ. ಆಗ ಹಿಂದಿನಿಂದ ಅಕ್ಕ ಕೂಗಿದಳು.

"ಏನೇ ಮಾಡಿದೆ ನೀನು?"

ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು ಮಾಡಬಾರದ ಕೆಲಸ ಅದು. ಮೊದಲೆದ್ದವು ಮೊದಲು ತಿಂದರೆ ಮೊದಲೇ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತವೆ, ಹಿಂದಿನವು ಹಿಂದೆಯೇ ಉಳಿಯುತ್ತವೆ, ಬೆಳೆಯೆಲ್ಲ ಏರುಪೇರು. ಕೊನೆಯದು ಏಳುವತನಕ ಎದ್ದವು ಕಾಯಬೇಕು. ಅಕ್ಕ ಬೈದಳು, ಚೆನ್ನಾಗಿಯೇ ಬೈದಳು. "ಎದ್ದಿರೋವು ಒಂದು ಹಿಡಿ, ಮಲಗಿರೋವು ಮನೆ ತುಂಬ. ನಿಂಗೆ ಸುಮ್ನಿರಕ್ಕಾಗ್ದೆ ಮಲಗಿರೋವನ್ನ ಕೆಡಿಸ್ತೀಯಾ? ಅವುಗಳ ಹಸಿವಲ್ಲ ಕಣೇ ಅದು, ನಿನ್ನ ಕೈ ತುರಿಕೆ."

ಆಮೇಲೆ ಇಬ್ಬರೂ ಬಗ್ಗಿ ನಿಂತು, ಸೊಪ್ಪಿಗೆ ಅಂಟಿದ್ದ ಹುಳುಗಳನ್ನು ಬಿಡಿಸಿ, ಕಡ್ಡಿಗಳನ್ನು ಒಂದೊಂದಾಗಿ ತೆಗೆದೆವು. ತಿಂದಿದ್ದು ಸ್ವಲ್ಪವೇ. ತಿಂದ ಹುಳುಗಳನ್ನಷ್ಟೇ ಅಕ್ಕ ಬೇರೆ ತಟ್ಟೆಗೆ ಹಾಕಿದಳು. ಅಷ್ಟರಲ್ಲಿ ಅಂಗಳದಲ್ಲಿ ಬಿಟ್ಟಿದ್ದ ನನ್ನ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಕ್ಕನ ಸಿಟ್ಟೂ ಇಳಿಯಿತು. "ಅಮ್ಮ ಇದ್ದಿದ್ರೆ ನಿಂಗೆ ಎರಡು ಬಿಡ್ತಿದ್ಲು" ಎಂದಳು. ನನಗೂ ಅದೇ ಅನ್ನಿಸುತ್ತಿತ್ತು. ಅಮ್ಮನ ಆ ಎರಡು ಏಟು ಕೂಡ ಬೇಕಾಗಿತ್ತು ನನಗೆ.

ಹೊರಡುವವರೆಗೂ ಹುಳುಗಳು ಪೂರ್ತಿ ಏಳಲಿಲ್ಲ. ಬಸ್ ನಿಲ್ಲುವ ಕಡೆಗೆ ಅಕ್ಕ ಜೊತೆಗೆ ಬಂದಳು.

"ಎದ್ದ ಮೇಲೆ ಫೋನ್ ಮಾಡಕ್ಕ. ಒಂದು ಸಲ ಕೇಳಿಸ್ಬಿಡು."

"ಹುಚ್ಚಿ" ಎಂದಳು. ಮಾಡುತ್ತೇನೆ ಎನ್ನಲಿಲ್ಲ.

ಚಿಂತಾಮಣಿಗೆ ಖಾಸಗಿ ಬಸ್ಸು ಸಿಕ್ಕಿತು. ಆಧಾರ್ ಕಾರ್ಡು ಅದರಲ್ಲಿ ನಡೆಯುವುದಿಲ್ಲ, ದುಡ್ಡು ಕೊಟ್ಟೆ. ಕ್ಲೀನರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ "ಮುಂದುಕ್ಕೋಗಿ, ಮುಂದುಕ್ಕೋಗಿ, ಜರಗಂಡಮ್ಮ" ಎಂದು ಎಲ್ಲರನ್ನೂ ಒತ್ತುತ್ತಿದ್ದ. ಮಂಜು ಕರಗಿ ದೂರದಲ್ಲಿ ಅಂಬಾಜಿದುರ್ಗ ಕಾಣುವ ಹೊತ್ತಿಗೆ, ಏನು ಹೇಳಬೇಕೆಂದು ನನಗೆ ಗೊತ್ತಾಗಿತ್ತು. ಹೇಳುವ ಧೈರ್ಯ ಬಂದಿತ್ತು ಅಂತಲ್ಲ.

ಯಜಮಾನರು ಅಂಗಡಿಯಲ್ಲಿ ಕಾಫಿ ತರಿಸಿದರು. ಸ್ಯಾಂಪಲ್ಲಿನ ಹೊಲಿಗೆಯನ್ನು ತಿರುಗಿಸಿ ನೋಡಿ, "ಚೆನ್ನಾಗಿದೆಯಮ್ಮ. ಹಾಗಾದ್ರೆ ಬಟ್ಟೆ ಕಳಿಸ್ಲಾ?" ಎಂದರು.

"ಹೋದ ವರ್ಷದಷ್ಟೇ ಕಳಿಸಿ ಸಾರ್. ರಾತ್ರಿ ಪಾಳಿ ನನ್ನ ಕೈಲಾಗಲ್ಲ."

"ನೀವು ನಿಂತ್ರೆ ಆಗ್ದೆ ಇರುತ್ತಾ? ಹೋದ ವರ್ಷ ಒಬ್ರೇ ನಿಂತು ಮಾಡಿಸಿದ್ರಲ್ಲ."

"ಅದಕ್ಕೇ ಆಗಲ್ಲ ಅಂದಿದ್ದು ಸಾರ್."

ಅವರು ಸ್ಯಾಂಪಲ್ಲನ್ನು ಮಡಚಿ ಪಕ್ಕಕ್ಕಿಟ್ಟರು. ಕೆಟ್ಟವರಲ್ಲ ಅವರು. "ಮಿಕ್ಕಿದ್ದನ್ನ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಬರೋ ವರ್ಷ ಅವರು ಎಲ್ಲಾನೂ ನಮಗೇ ಕೊಡಿ ಅಂತಾರೆ. ಆಗ ನಾನು ನಿಮ್ಮ ಕಡೆ ಮಾತಾಡಕ್ಕಾಗಲ್ಲ."

"ಗೊತ್ತು ಸಾರ್" ಎಂದೆ. ಲೋಟ ಕೆಳಗಿಟ್ಟೆ. ಹೊರಗೆ ಬಂದು ಕಡಲೆಕಾಯಿ ಕೊಂಡು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಖುಷಿಯೇನೂ ಆಗಲಿಲ್ಲ. ಹನ್ನೆರಡು ಹೆಂಗಸರ ಅನ್ನವನ್ನು ನಾನೇ ಒದ್ದು ಬಂದೆನೇನೋ ಅನ್ನಿಸಿತು. ಪರ್ವೀನಳಿಗೆ ಫೋನ್ ಮಾಡಿ ಹೇಳಿದೆ. "ನಮ್ಗೂ ರಾತ್ರಿ ಆಗ್ತಿರ್ಲಿಲ್ಲ ಅಕ್ಕಾ. ನಿಮ್ಗೆ ಹೇಳೋಕೆ ಹೆದರಿಕೆ" ಎಂದಳು.

ವಾಪಸು ಬರುವಾಗ ಶಿಡ್ಲಘಟ್ಟದ ದಾರಿಯಲ್ಲೇ ಬಂದೆ. ಅಕ್ಕನ ಊರಿನ ಹತ್ತಿರ ಬಸ್ಸು ನಿಂತಾಗ ಇಳಿದುಬಿಡಲೇ ಎಂದು ಎದ್ದೇ ನಿಂತಿದ್ದೆ. ಮನೆಯಲ್ಲಿ ಮಗಳು ಕಾಯುತ್ತಿದ್ದಳು. ಹಿಪ್ಪುನೇರಳೆಯ ಹಸಿರು ಹಿಂದಕ್ಕೆ ಹೋಗುವತನಕ ಕತ್ತು ತಿರುಗಿಸಿ ನೋಡುತ್ತಾ ಕೂತೆ.

ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿ ಕೂತೆ. ಅದಿನ್ನೂ ಹೊರಟಿರಲಿಲ್ಲ, ಡ್ರೈವರು ಟೀ ಕುಡಿಯಲು ಹೋಗಿದ್ದರು. ಆಗ ರತ್ನಕ್ಕನ ಫೋನು.

"ಎಲ್ಲಾ ಎದ್ದವು ಕಣೇ. ಈಗ ತಾನೇ ಸೊಪ್ಪು ಹಾಕ್ದೆ. ತಗೋ, ಕೇಳಿಸ್ಕೋ" ಎಂದಳು. ಅಷ್ಟೇ, ಮಾತು ನಿಂತಿತು. ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದಕ್ಕೆ ಸೆರಗು ತುರುಕಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಬಂತು ಆ ತುಂತುರಿನ ಸದ್ದು, ಸಣ್ಣಗೆ, ದೂರದಲ್ಲಿ, ತವರಿನ ನಮ್ಮ ಚಾಪೆಯ ಮೇಲ್ಗಡೆಯಿಂದ ಬಂದ ಹಾಗೆ. ತಲೆಯನ್ನು ಕಿಟಕಿಗೆ ಆನಿಸಿದೆ.

"ಅಮ್ಮಾ, ಏಳಿ, ಗೌರಿಬಿದನೂರು ಬಂತು" ಎಂದು ಕಂಡಕ್ಟರು ಸೀಟು ತಟ್ಟಿದಾಗ ಹೊರಗೆ ದೀಪ ಹತ್ತಿದ್ದವು. ಬಸ್ಸಿನಲ್ಲಿ ಉಳಿದವಳು ನಾನೊಬ್ಬಳೇ. ಯಾವಾಗ ಟಿಕೆಟು ಕೊಟ್ಟರೋ, ಮಂಚೇನಹಳ್ಳಿ ಎಲ್ಲಿ ಹೋಯಿತೋ ಒಂದೂ ನೆನಪಿಲ್ಲ. ಫೋನು ಕಿವಿಯಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಪರ್ವೀನ್ ಮೂರು ಸಲ ಪ್ರಯತ್ನಿಸಿ ಸಿಗದೆ, ಕೊನೆಗೆ "ನಾವೇ ನೋಡಿಕೊಂಡ್ವಿ, ಬೀಗ ಹಾಕಿದ್ವಿ" ಎಂದು ಮೆಸೇಜು ಹಾಕಿದ್ದಳು.

ಅಕ್ಕನ ಕರೆ ಮಾತ್ರ ಕಡಿದಿರಲಿಲ್ಲ. ಫೋನನ್ನು ಸೊಪ್ಪಿನ ನಡುವೆ ಇಟ್ಟು ಅವಳು ತನ್ನ ಕೆಲಸಕ್ಕೆ ಹೋಗಿರಬೇಕು. ಇಳಿದು, ಬಸ್ ಸ್ಟ್ಯಾಂಡಿನ ಚಳಿಯಲ್ಲಿ ನಿಂತು ಮತ್ತೆ ಕಿವಿಗಿಟ್ಟುಕೊಂಡೆ. ಅವು ಇನ್ನೂ ತಿನ್ನುತ್ತಿದ್ದವು. ನಾನು ಕಟ್ ಮಾಡಲಿಲ್ಲ, ಹಾಗೆಯೇ ಮನೆಯ ಕಡೆ ನಡೆದೆ.