ಹೆಂಡತಿಯ ದಾರ, ನನ್ನ ಹಲ್ಲು

ನಿನ್ನೆ ನನ್ನ ಮುಂದಿನ ಹಲ್ಲೊಂದನ್ನು ಕಿತ್ತರು. ಬಾಯಲ್ಲಿ ಇನ್ನೂ ಲವಂಗದೆಣ್ಣೆಯ ಘಾಟಿದೆ. ನೀವೂ ಎಂದಾದರೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದರೆ ಆ ಘಾಟು ನಿಮಗೆ ಗೊತ್ತಿರುತ್ತದೆ. ಇಂದಿರಾನಗರದ ಕ್ಲಿನಿಕ್ಕಿನಿಂದ ಹಲಸೂರಿನ ಮನೆಯವರೆಗೂ ಹತ್ತಿಯುಂಡೆ ಕಚ್ಚಿಕೊಂಡು ಬಂದೆ. ಆಟೋದವನೊಂದಿಗೆ ಕೈಸನ್ನೆಯಲ್ಲೇ ಜಗಳವಾಡಿದೆ. ನೋವು ಅಷ್ಟೇನಿಲ್ಲ. ಆದರೆ ಆ ಹಲ್ಲಿನ ಜೊತೆಗೆ ನನ್ನ ಕೆಲಸವೂ ಹೋಯಿತಲ್ಲ ಎಂಬ ಸಂಕಟ ಮಾತ್ರ ನಿನ್ನೆಯಿಂದ ಬಿಟ್ಟಿಲ್ಲ.

ಹಲ್ಲಿಗೂ ಕೆಲಸಕ್ಕೂ ಏನು ಸಂಬಂಧ ಎನ್ನುತ್ತೀರಾ? ಅದಕ್ಕೆ ನನ್ನ ಹೆಂಡತಿ ಸರೋಜಳ ಹಲ್ಲಿನಿಂದ ಶುರುಮಾಡಬೇಕು.

ಸರೋಜ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಬಳಿ ಕತ್ತರಿಗಳಿಗೆ ಬರವಿಲ್ಲ, ಬೇಕಾದಾಗ ಮಾತ್ರ ಒಂದೂ ಸಿಗುವುದಿಲ್ಲ. ಎಲ್ಲವೂ ಬಟ್ಟೆರಾಶಿಯ ಅಡಿಯಲ್ಲಿ ಮಲಗಿರುತ್ತವೆ. ಹಾಗಾಗಿ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ದಿನ ಅವಳ ಮುಂಬಲ್ಲು ಅರ್ಧಕ್ಕೆ ಮುರಿಯಿತು. ಬೀದಿಯ ತುದಿಗೆ ಕೇಳುವಂತೆ ನಗುತ್ತಿದ್ದವಳು ಸೆರಗಿನೊಳಗೆ ನಗತೊಡಗಿದಳು, ಆಮೇಲೆ ನಗುವುದನ್ನೇ ಬಿಟ್ಟಳು. ಮನೆ ಬಿಕೋ ಎನ್ನುತ್ತಿತ್ತು.

ಡಾಕ್ಟರಮ್ಮ ಬೇರಿನ ಚಿಕಿತ್ಸೆ ಮಾಡಿ ಕ್ಯಾಪ್ ಹಾಕಿದರು.

"ಆಂಟಿ, ಒಳಗಿರೋ ಹಲ್ಲು ತುಂಬಾ ವೀಕು. ದಾರ ಗೀರ ಕಚ್ಚಿದ್ರೆ ಬುಡದಲ್ಲೇ ಮುರಿಯುತ್ತೆ. ಆಮೇಲೆ ಕೀಳ್ಲೇಬೇಕು."

"ಅಯ್ಯೋ, ಕಚ್ಚದೇ ಹೊಲಿಯೋದು ಹೇಗಮ್ಮ?"

"ಕತ್ತರಿ ಅಂತ ಒಂದಿದೆ, ಆಂಟಿ!"

ಮನೆಗೆ ಬಂದಮೇಲೆ ಹೆಡ್ ನರ್ಸ್ ಹುದ್ದೆಯನ್ನು ನಾನೇ ವಹಿಸಿಕೊಂಡೆ. ಮೆತ್ತನೆಯ ಬ್ರಷ್ ತಂದೆ. ಚಿಕ್ಕಿ, ಕೋಡುಬಳೆಗಳನ್ನು ಅಟ್ಟಕ್ಕೇರಿಸಿದೆ, ಅಂದರೆ ಅಟ್ಟದ ಮೇಲೆ ಕೂತು ನಾನೊಬ್ಬನೇ ತಿಂದೆ. ಇದೆಲ್ಲ ಸುಲಭ. ಅವಳ ಕೈಯನ್ನು ಏನು ಮಾಡುವುದು? ಹೊಲಿಗೆ ಮುಗಿಯುತ್ತಲೇ ದಾರ ತಾನಾಗಿ ಬಾಯಿಗೆ ಏರುತ್ತಿತ್ತು. ನಾನು ಅಡುಗೆಮನೆಯಿಂದಲೇ "ಸರೋಜಾ!" ಎಂದು ಅರಚುತ್ತಿದ್ದೆ. ರಿಬ್ಬನ್ನಿನಲ್ಲಿ ಕತ್ತರಿ ಪೋಣಿಸಿ ಅವಳ ಕೊರಳಿಗೆ ಹಾಕಿದೆ. ಹೊಟ್ಟೆಗೆ ಚುಚ್ಚುತ್ತದೆಂದು ಅದನ್ನು ತೆಗೆದು ಮೊಳೆಗೆ ನೇತುಹಾಕಿದಳು, ಕೊನೆಗೆ ಅದೂ ಬಟ್ಟೆರಾಶಿ ಸೇರಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ?

ಹೀಗಿರುವಾಗ ಕೆ.ಆರ್. ಪುರದಿಂದ ಮದುಮಗಳ ತಾಯಿಯೊಬ್ಬರು ರವಿಕೆಗಾಗಿ ಬಂದರು. ಸಂಜೆಗೇ ಆರತಕ್ಷತೆ, ಹೊರಗೆ ಆಟೋ ಕಾಯುತ್ತಿತ್ತು. ಸರೋಜ ಕೊನೆಯ ಹುಕ್ಕು ಹೊಲಿದಳು. ದಾರ ತುಟಿಯವರೆಗೆ ಹೋಯಿತು. ಪಕ್ಕದಲ್ಲೇ ಪೇಪರ್ ಓದುತ್ತಿದ್ದ ನಾನು ತಲೆಯೆತ್ತಿ ನೋಡಿದೆ. ಅವಳ ಕೈ ಅಲ್ಲೇ ನಿಂತಿತು. ಎಡಬಲ ನೋಡಿದಳು, ಕತ್ತರಿ ಕಾಣಲಿಲ್ಲ. ದಾರವನ್ನು ನನ್ನ ಬಾಯಿಯ ಮುಂದೆ ಹಿಡಿದಳು.

"ರೀ, ಕಚ್ರೀ."

ಕಚ್ಚಿದೆ.

"ಸರೋಜಕ್ಕ, ಒಳ್ಳೇ ಮಿಷಿನ್ ಇಟ್ಕೊಂಡಿದೀರ!" ಎಂದರು ಆಕೆ. ಸರೋಜ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಮೊದಲಿನ ಹಾಗೆಯೇ. ಆ ನಗುವಿಗಾಗಿ ನಾನು ಹಗ್ಗವನ್ನೂ ಕಚ್ಚಲು ತಯಾರಿದ್ದೆ.

ಅಂದಿನಿಂದ ಕೆಲಸ ಖಾಯಂ ಆಯಿತು. ದೊಡ್ಡನೆಕ್ಕುಂದಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲಂತೂ ಪೂರ್ಣಾವಧಿ. ನಿವೃತ್ತ ಗಂಡಸಿಗೆ ಮನೆಯಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ; ಎಲ್ಲಿ ಕೂತರೂ ಅಲ್ಲಿ ಗುಡಿಸಬೇಕಾಗಿರುತ್ತದೆ. ನನಗೆ ಮಾತ್ರ ಹೊಲಿಗೆ ಮಿಷಿನ್ನಿನ ಪಕ್ಕ ಒಂದು ಸ್ಟೂಲಿತ್ತು. ಅಲ್ಲಿ ಕೂತು ದಾರ ಕಡಿಯುತ್ತಾ, ಅವಳ ಮಾತು ಕೇಳುತ್ತಾ ಎಷ್ಟೋ ಮಧ್ಯಾಹ್ನಗಳನ್ನು ಕಳೆದೆ. ನಾನು ಸುಖವಾಗಿದ್ದೆ.

ನಿನ್ನೆ ಅದೇ ಡಾಕ್ಟರಮ್ಮ ನನ್ನ ಬಾಯೊಳಗೆ ಕನ್ನಡಿ ಹಿಡಿದು, "ಅಂಕಲ್, ಹಲ್ಲು ಬೇರಿನವರೆಗೂ ಸೀಳಿದೆ. ದಿನಾ ಏನು ಕಚ್ತೀರ?" ಎಂದು ಕೇಳಿದರು. ನಾನು ಸರೋಜಳನ್ನು ನೋಡಿದೆ. ಸರೋಜ ಫ್ಯಾನು ನೋಡಿದಳು.

ಈಗ ಹೆಡ್ ನರ್ಸ್ ಅವಳು. ನಿನ್ನೆಯೆಲ್ಲ ತಣ್ಣನೆಯ ಗಂಜಿ. ಕಾಫಿ ಕೇಳಿದರೆ "ಬಿಸಿ ಕೊಡಲ್ಲ, ಆರಿದ ಮೇಲೆ ಕುಡೀರಿ" ಎಂಬ ಉತ್ತರ. ಆರಿದ ಕಾಫಿ ಕುಡಿಯುವುದಕ್ಕಿಂತ ಇನ್ನೊಂದು ಹಲ್ಲು ಕೀಳಿಸಿಕೊಳ್ಳುವುದು ಮೇಲು. ಇವತ್ತು ಬೆಳಿಗ್ಗೆ ಉಗುರುಬೆಚ್ಚಗಿನ ಉಪ್ಪುನೀರು ತಂದು ನಿಂತಳು.

"ಗಳಗಳ ಅನ್ಬೇಡಿ. ಮೆತ್ತಗೆ ಆಡಿಸಿ, ಹಾಗೇ ಬಾಯಿಂದ ಬಿಟ್ಬಿಡಿ. ಜೋರಾಗಿ ಉಗಿದ್ರೆ ಗಾಯದ ಮೇಲಿನ ರಕ್ತದ ಹೆಪ್ಪು ಕಿತ್ತು ಬರುತ್ತಂತೆ."

ಹೇಳಿದಂತೆ ಮಾಡಿದೆ. ಮಧ್ಯಾಹ್ನ ಅವಳು ಹೊಲಿಯಲು ಕೂತಾಗ ಮಾತ್ರ ನಾನು ಸ್ಟೂಲಿನ ಹತ್ತಿರ ಹೋಗಲಿಲ್ಲ. ಹಲ್ಲಿಲ್ಲದವನಿಗೆ ಅಲ್ಲೇನು ಕೆಲಸ? ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಹೊಲಿಗೆ ಮುಗಿಯಿತು. ಅವಳ ಕೈ ರೂಢಿಯಂತೆ ದಾರ ಹಿಡಿದು ಸ್ಟೂಲಿನ ಕಡೆ ಚಾಚಿತು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದಳು.

"ಅಲ್ಯಾಕೆ ಕೂತಿದೀರ?"

ನನ್ನ ಬಾಯಿ ತೋರಿಸಿದೆ. ಅವಳು ಎದ್ದು ಬಟ್ಟೆರಾಶಿಯನ್ನೆಲ್ಲ ಒಂದೊಂದಾಗಿ ಎತ್ತಿ ಕೊಡವಿದಳು. ನಾನು ಕಂಡ ಮಟ್ಟಿಗೆ ಅವಳು ಕತ್ತರಿಯನ್ನು ಇಷ್ಟು ಹುಡುಕಿದ್ದೇ ಇಲ್ಲ. ಸಿಕ್ಕಿದ್ದನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು.

"ಹಲ್ಲಿಗೆ ರಜ ಕೊಟ್ಟಿದೀನಿ, ನಿಮಗಲ್ಲ. ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ಹೋಗಿ ಕೂತೆ. ಅವಳು ದಾರವನ್ನು ಬಿಗಿಯಾಗಿ ಹಿಡಿದಳು, ನಾನು ಕತ್ತರಿಸಿದೆ.