ಅಂಜನಮೂರ್ತಿಯವರ ಎರಡು ಬಟ್ಟಲು

ನನಗೆ ಸುಲಭಕ್ಕೆ ನಾಚಿಕೆ ಆಗುವುದಿಲ್ಲ. ಹಲಸೂರಿನ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು. ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಸೇರಿ ನನ್ನಲ್ಲಿದ್ದ ನಾಚಿಕೆಯನ್ನೆಲ್ಲ ಎಂದೋ ಖಾಲಿ ಮಾಡಿದ್ದಾರೆ. ಆದರೂ ಹೋದ ಜುಲೈನ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ, ಕಂಪ್ಯೂಟರಿನ ಮುಂದೆ ಕೂತಿದ್ದಾಗ ಆದ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಅಂಜನಮೂರ್ತಿಯವರ ವಿಷಯ ಹೇಳಬೇಕು.

ಅವರು ಗರುಡಾಚಾರ್‌ಪಾಳ್ಯದವರು. ಅಪ್ಪ ಮುನಿವೆಂಕಟಪ್ಪನವರಿಗೆ ಅಲ್ಲಿ ರಾಗಿ ಹೊಲ ಇತ್ತು. ಈಗ ಆ ಜಾಗದಲ್ಲಿ ಗಾಜಿನ ಆಫೀಸು ನಿಂತಿದೆ. ಮಗನಿಗೆ ನೇಗಿಲು ಹಿಡಿಯಲು ಬರಲಿಲ್ಲ. ಬಿಳಿ ಗೋಡೆ ಕಂಡರೆ ಸಾಕು, ಒಲೆಯ ಇದ್ದಿಲು ತಂದು ಗೀಚುತ್ತಿದ್ದರಂತೆ. ಹದಿನೇಳಕ್ಕೆ ಶಿವಾಜಿನಗರದಲ್ಲಿ ಬೋರ್ಡು ಬರೆಯುವ ಅಂಗಡಿ ಸೇರಿದರು. ಅಲ್ಲಿ ಕನ್ನಡ, ತಮಿಳು, ಇಂಗ್ಲಿಷು, ಉರ್ದು ನಾಲ್ಕನ್ನೂ ಬರೆಯಲು ಕಲಿತರು. ಉರ್ದು ಓದಲು ಮಾತ್ರ ಇವತ್ತಿಗೂ ಬರುವುದಿಲ್ಲ, ಬರೆದರೆ ಮೌಲವಿಗಳೂ ನಿಂತು ನೋಡಬೇಕು.

ಅಲ್ಲಿಂದ ಹಲಸೂರಿನ ಗಲ್ಲಿಯೊಂದರ ಪ್ರೆಸ್ಸಿಗೆ ಬಂದರು. ಶಾಲೆಗಳಿಗೆ ಚಾರ್ಟು ಅಚ್ಚು ಹಾಕುವ ಪ್ರೆಸ್ಸು ಅದು. ಹಣ್ಣುಗಳು, ಹಕ್ಕಿಗಳು, ದೇಹದ ಭಾಗಗಳು, ಮತ್ತೆ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ‘ಒಳ್ಳೆಯ ಅಭ್ಯಾಸ, ಕೆಟ್ಟ ಅಭ್ಯಾಸ’. ಎಡಗಡೆ ಹಲ್ಲುಜ್ಜುವ ಮಗು, ಬಲಗಡೆ ಕಸ ಎಸೆಯುವ ಮಗು. ನನ್ನ ತರಗತಿಯ ಗೋಡೆಯ ಮೇಲೂ ಅದು ಇತ್ತು. ಬರೆದವರು ಯಾರು ಎಂದು ಒಂದು ದಿನವೂ ಯೋಚಿಸಿದವಳಲ್ಲ ನಾನು. ಚಾರ್ಟಿನ ಕೆಳಗೆ ಪ್ರೆಸ್ಸಿನ ಹೆಸರು ಮಾತ್ರ ಇರುತ್ತಿತ್ತು.

“ನನ್ನ ಹೆಸ್ರೂ ಹಾಕಿ ಅಂತ ಒಂದೇ ಒಂದು ಸಲ ಕೇಳಿದ್ದೆ ಮೇಡಂ,” ಎಂದು ಅವರೇ ಒಮ್ಮೆ ನಗುತ್ತಾ ಹೇಳಿದ್ದರು. “ಮಾವಿನಹಣ್ಣಿನ ಕೆಳಗೆ ನಿನ್ನ ಹೆಸ್ರು ಯಾಕೆ, ನೀನೇನು ಮಾವಿನಹಣ್ಣಾ ಅಂದ್ರು. ಆಮೇಲೆ ಕೇಳ್ಲಿಲ್ಲ.”

ಕೇಳಲಿಲ್ಲ ಸರಿ, ಆಸೆ ಹೋಗಿರಲಿಲ್ಲ. ಪ್ರೆಸ್ಸು ಮುಚ್ಚಿದ ಮೇಲೆ ಅವರು ನಮ್ಮ ಟ್ರಸ್ಟಿಗೆ ಬಂದದ್ದೇ ಆ ಆಸೆ ಹೊತ್ತುಕೊಂಡು.

ಟ್ರಸ್ಟು ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಹಲಸೂರು ಕೆರೆಯ ಹತ್ತಿರ ಟೈಲರ್ ಅಂಗಡಿಯೊಂದರ ಮೇಲೆ ಎರಡು ಕೋಣೆ. ಕೆಳಗಿನ ಹೊಲಿಗೆ ಮಿಷನ್ನಿನ ಸದ್ದಿನಲ್ಲೇ ನಮ್ಮ ಮೀಟಿಂಗು. ಬೇರೆ ಭಾಷೆಯ, ಬೇರೆ ದೇವರ, ಬೇರೆ ಊಟದ ಮಕ್ಕಳು ಒಂದೇ ಬೆಂಚಿನಲ್ಲಿ ಜಗಳವಿಲ್ಲದೆ ಕೂರುವುದು ಹೇಗೆ ಎಂದು ಚಿತ್ರ ತೋರಿಸಿ ಕಥೆ ಹೇಳಿ ಕಲಿಸುವುದು ನಮ್ಮ ಕೆಲಸ. ಸುತ್ತಲಿನ ಹತ್ತು ಹನ್ನೆರಡು ಶಾಲೆಗಳಲ್ಲಿ ಇದು ನಡೆಯುತ್ತಿತ್ತು. ಹೋದ ವರ್ಷ ಶಿಕ್ಷಕರ ಸಮ್ಮೇಳನವೊಂದರಲ್ಲಿ ಮಲಾವಿ ದೇಶದ ಚಿಕೊಂಡಿ ಫಿರಿ ಎಂಬ ಶಿಕ್ಷಕಿ ನಮ್ಮ ಪಾಠ ನೋಡಿ ಇಷ್ಟಪಟ್ಟರು. ಆಫ್ರಿಕಾದಲ್ಲಿ ಮಲಾವಿ ಎಲ್ಲಿದೆ ಎಂದು ನಾನು ಭೂಪಟ ನೋಡಿದ್ದು ಅವತ್ತೇ, ಸುಳ್ಳು ಯಾಕೆ ಹೇಳಲಿ. ಅವರ ಕಡೆಯ ಏಳು ಶಾಲೆಗಳಲ್ಲಿ ಊರಿನ ಮಕ್ಕಳ ಜೊತೆಗೆ, ಅಕ್ಕಪಕ್ಕದ ದೇಶಗಳಿಂದ ಯುದ್ಧ ತಪ್ಪಿಸಿಕೊಂಡು ಬಂದವರ ಮಕ್ಕಳೂ ಓದುತ್ತಾರಂತೆ. ಬೆಂಚು ಹಂಚಿಕೊಳ್ಳುವ ಕಷ್ಟ ಅಲ್ಲೂ ಇದೆ. ಪಾಠ ಅವರ ಶಿಕ್ಷಕರು ಬರೆಯುವುದು, ಚಿತ್ರ ನಾವು ಕೊಡುವುದು, ಅಚ್ಚು ಹಾಕಿಸುವುದು ಯೂರೋಪಿನ ಒಂದು ಸಂಸ್ಥೆ ಎಂದು ತೀರ್ಮಾನವಾಯಿತು. ಆಗಸ್ಟ್ ಮೊದಲ ವಾರ ಸಹಿ. ಒಪ್ಪಂದದ ಕರಡಿನ ಮೂರನೇ ಪುಟದಲ್ಲಿ ‘ಚಿತ್ರಗಳು: ಅಂಜನಮೂರ್ತಿ’ ಎಂದಿತ್ತು. ಅವರು ಆ ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ ಹೆಂಡತಿ ಪಟಾಲಮ್ಮನಿಗೆ ತೋರಿಸಿದರು.

ಒಂದೂವರೆ ತಿಂಗಳು ಕೂತು ಹನ್ನೆರಡು ಚಿತ್ರ ಬರೆದರು. ಪರೀಕ್ಷೆ ಮಾಡಿದವರು ನಾನು ಮತ್ತು ಶಂಶುನ್ನೀಸಾ ಆಪಾ. ನಮಗೆಲ್ಲ ಅಕ್ಕನಂತಿರುವ ಆಪಾ ಶಿವಾಜಿನಗರದ ಉರ್ದು ಶಾಲೆಯಲ್ಲಿ ಹೆಡ್ಮಿಸ್ಸಾಗಿ ನಿವೃತ್ತರಾದವರು. ಅವರ ಕಣ್ಣಿಂದ ಒಂದು ಇರುವೆಯೂ ತಪ್ಪಿಸಿಕೊಳ್ಳಲಾರದು.

“ಆರನೇದ್ರಲ್ಲಿ ಟೋಪಿ ಹುಡುಗ ತಳ್ತಾ ಇದ್ದಾನೆ. ಹಾಗಾದ್ರೆ ಏಳನೇದ್ರಲ್ಲಿ ಶಿಲುಬೆ ಹಾಕಿರೋ ಹುಡುಗ ತಳ್ಳಲಿ ಅಂಜನಮೂರ್ತಿ ಸಾಬ್. ಬರಾಬರ್ ಇರ್ಬೇಕು.”

“ಆಯ್ತು ಆಪಾ, ತಳ್ಳಿಸ್ತೀನಿ.”

ಎಲ್ಲ ಮತದವರೂ ಬೆರೆತಿರುವ ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದ ನಮಗೆ ಈ ತೂಕ ನೋಡುವುದು ಉಸಿರಾಡಿದಷ್ಟು ಅಭ್ಯಾಸ. ಎಷ್ಟು ಟೋಪಿ, ಎಷ್ಟು ಶಿಲುಬೆ, ಹುಡುಗಿಯರೆಷ್ಟು, ಯಾರ ಕಾಲಲ್ಲಿ ಚಪ್ಪಲಿ ಇದೆ, ಯಾರ ಡಬ್ಬಿಯಲ್ಲಿ ಮೀನಿದೆ, ಎಲ್ಲವನ್ನೂ ಎಣಿಸಿದೆವು. ನಾಲ್ಕು ಸಲ ಎಣಿಸಿದೆವು. ಕಂಪ್ಯೂಟರ್ ನೋಡಿಕೊಳ್ಳುವ ನಿತೀಶ್ ಬೇಜಾರಾಗಿ ಆಕಳಿಸುವವರೆಗೆ ಎಣಿಸಿ, ಸರಿಯಿದೆ ಎಂದು ಕಳಿಸಿದೆವು.

ಆಮೇಲೆ ಬಂತು ಆ ಮಂಗಳವಾರ. ಪರದೆಯ ಮೇಲೆ ಚಿಕೊಂಡಿ ಮೇಡಂ, ಹಿಂದೆ ನೀಲಿ ಗೋಡೆ. ಈ ಕಡೆ ನಾನು, ಆಪಾ, ನಿತೀಶ್, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಂಜನಮೂರ್ತಿಯವರು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಅವರಿಗೆ ಹೇಳುತ್ತಿದ್ದೆ.

“ಚಿತ್ರಗಳನ್ನ ಮೂರನೇ ತರಗತಿಗೆ ತೋರಿಸಿದೆ,” ಎಂದರು ಆಕೆ. “ಕೆಳಗಿನ ಬರಹದ ಮೇಲೆ ಕಾಗದ ಮುಚ್ಚಿದ್ದೆ. ತಪ್ಪು ಮಾಡ್ತಿರೋ ಮಗು ಯಾವುದು ಅಂತ ಕೇಳಿದೆ. ಐವತ್ತೊಂದು ಮಕ್ಕಳು. ಹನ್ನೆರಡು ಚಿತ್ರಕ್ಕೂ ಎಲ್ಲರೂ ಸರಿಯಾಗಿ ಹೇಳಿದ್ರು.”

ನಾನು ಹಿಗ್ಗಿಹೋದೆ. “ಅಷ್ಟು ಚೆನ್ನಾಗಿ ಅರ್ಥ ಆಗಿದೆ ನೋಡಿ!” ಎಂದೆ. ಅಂಜನಮೂರ್ತಿಯವರು ಪರದೆಗೆ ಕೈಮುಗಿದರು.

ಆಕೆ ನಗಲಿಲ್ಲ. “ನಾನೂ ಮುಖ ನೋಡಿ ಹೇಳಿದ್ದಾರೆ ಅಂದ್ಕೊಂಡೆ. ಆಮೇಲೆ ಮುಖಾನೂ ಮುಚ್ಚಿದೆ. ಏನು ಮಾಡ್ತಿದ್ದಾರೆ ಅಂತಾನೂ ತಿಳೀದ ಹಾಗೆ ಮೈಯೆಲ್ಲ ಮುಚ್ಚಿ ಬೆರಳಿನ ತುದಿ ಮಾತ್ರ ತೋರಿಸಿದೆ. ಆಗಲೂ ಸರಿಯಾಗಿ ಹೇಳಿದ್ರು. ನೀವೂ ಒಂದು ಸಲ ಎಲ್ಲಾ ಚಿತ್ರ ಒಟ್ಟಿಗೆ ಇಟ್ಟು ನೋಡಿ. ಕೈಗಳನ್ನ ಮಾತ್ರ ನೋಡಿ.”

ನಿತೀಶ್ ಹನ್ನೆರಡನ್ನೂ ಪರದೆಯ ಮೇಲೆ ಸಾಲಾಗಿ ಹರಡಿದ. ಕೈ ನೋಡಿದೆವು. ಸ್ಲೇಟು ಕಿತ್ತುಕೊಳ್ಳುವ ಕೈ, ಜಡೆ ಎಳೆಯುವ ಕೈ, ಬೆಂಚಿನಿಂದ ತಳ್ಳುವ ಕೈ, ಎಲ್ಲ ರೊಟ್ಟಿ ಹೆಂಚಿನ ತಳದ ಬಣ್ಣ. ಕಣ್ಣೀರು ಒರೆಸುವ ಕೈ, ಊಟ ಹಂಚುವ ಕೈ, ಹೊಸಬಳನ್ನು ಪಕ್ಕಕ್ಕೆ ಕರೆಯುವ ಕೈ, ಎಲ್ಲ ಬೆಲ್ಲದ ಬಣ್ಣ. ಒಂದು ಚಿತ್ರದಲ್ಲೂ ತಪ್ಪಿರಲಿಲ್ಲ. ಹನ್ನೆರಡರಲ್ಲಿ ಹನ್ನೆರಡು.

ಆ ಗಳಿಗೆಯಲ್ಲಿ ನಾನು ಆಡಿದ ಮಾತು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. “ಅದು ನೆರಳು ಇರ್ಬಹುದು ಮೇಡಂ,” ಎಂದೆ.

“ನೆರಳು ಯಾವಾಗಲೂ ಒಂದೇ ಮಗುವಿನ ಮೇಲೆ ಬೀಳಲ್ಲ ಅಲ್ವಾ ಸುಕನ್ಯ?” ಎಂದರು ಆಕೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. “ಈ ಚಿತ್ರಗಳು ನಮ್ಮ ತರಗತಿಯೊಳಗೆ ಬರೋಕೆ ಆಗಲ್ಲ. ಎರಡು ವಾರದಲ್ಲಿ ಬೇರೆ ಚಿತ್ರ ಬಂದ್ರೆ ಸಹಿ ಹಾಕೋಣ. ಇಲ್ಲದಿದ್ರೆ ಬೇರೆ ಯಾರನ್ನಾದ್ರೂ ಕೇಳ್ತೀವಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ.”

ಇದನ್ನು ಕನ್ನಡ ಮಾಡಿ ಹೇಳುವ ಕರ್ಮ ನನ್ನದೇ. ಹೇಳಿದೆ. ಪರದೆ ಆರಿತು. ಮೊದಲು ಅಂಜನಮೂರ್ತಿಯವರೇ ಬಾಯಿಬಿಟ್ಟರು.

“ಎರಡು ಬಟ್ಟಲು ಮೇಡಂ. ಪ್ರೆಸ್ಸಲ್ಲಿ ಬೆಳಗ್ಗೆ ಹೋದ ತಕ್ಷಣ ಮೈಬಣ್ಣ ಎರಡು ಬಟ್ಟಲಲ್ಲಿ ಕಲಸಿಡ್ಬೇಕಿತ್ತು. ಒಂದು ಒಳ್ಳೇ ಮಕ್ಕಳಿಗೆ, ಇನ್ನೊಂದು ಕೆಟ್ಟ ಮಕ್ಕಳಿಗೆ. ಚಾರ್ಟಲ್ಲಿ ಮಗು ಇರೋದು ಬೆರಳುದ್ದ. ಕೊನೇ ಬೆಂಚಿನ ಹುಡುಗನಿಗೂ ಓದದೇ ಗೊತ್ತಾಗ್ಬೇಕು ಅಂತ ಓನರ್ ಕಲಿಸಿದ್ದು. ಇವು ಆಫ್ರಿಕಾ ಮಕ್ಕಳು, ಕಪ್ಪಿರ್ಲಿ ಅಂದ್ರಿ. ಎರಡೂ ಬಟ್ಟಲಿಗೆ ಕಂದು ಜಾಸ್ತಿ ಮಾಡ್ದೆ. ಎರಡು ಬಟ್ಟಲು ಯಾಕೆ ಅಂತ ಮಾತ್ರ ಯೋಚ್ನೆ ಬರ್ಲೇ ಇಲ್ಲ. ನಮ್ಮಮ್ಮನಾಣೆ ಬರ್ಲಿಲ್ಲ.”

ಹೇಳುತ್ತಾ ಎರಡೂ ಕೈಯನ್ನು ಮೇಜಿನ ಮೇಲೆ ಊರಿದ್ದರು. ಆ ಕೈಗಳ ಬಣ್ಣ ಎರಡನೇ ಬಟ್ಟಲಿನದೇ. ಅದು ನನಗೂ ಕಂಡಿತು, ಆಪಾಗೂ ಕಂಡಿತು. ಅವರಿಗೆ ಕಂಡದ್ದು ನಮಗಿಂತ ಸ್ವಲ್ಪ ತಡವಾಗಿ. ಕಂಡ ಕೂಡಲೇ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ನಿತೀಶ್ ಒಳ್ಳೆಯ ಹುಡುಗ, ಸುಮ್ಮನೆ ಕೂರಲಾರ. “ಸರ್, ಟೆನ್ಷನ್ ಬೇಡ. ಬಣ್ಣ ಅದಲು ಬದಲು ಮಾಡಿದ್ರೆ ಆಯ್ತು, ಹತ್ತು ನಿಮಿಷ,” ಎಂದು ಕೂತೇಬಿಟ್ಟ. ಮಾಡಿಯೂ ತೋರಿಸಿದ. ಈಗ ತಳ್ಳುವ ಹುಡುಗ ಬೆಲ್ಲದ ಬಣ್ಣ, ಎತ್ತಿ ಕೂರಿಸುವ ಹುಡುಗ ಹೆಂಚಿನ ಬಣ್ಣ. ಆಪಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಈ ಬಚ್ಚಾ ಹಾಗೆ ಮಾಡೋನ ಥರ ಇಲ್ವಲ್ಲ. ಆ ಇನ್ನೊಬ್ಬನೇ ಏನೋ ಕೆಣಕಿರ್ಬೇಕು,” ಎಂದು ಹೆಂಚಿನ ಬಣ್ಣದವನ ಮೇಲೆ ಬೆರಳಿಟ್ಟರು.

ಎಂದವರೇ ಬಾಯಿ ಮೇಲೆ ಸೆರಗು ಒತ್ತಿಕೊಂಡರು. “ಯಾ ಅಲ್ಲಾ, ಏನಂದೆ ನಾನು!”

ನಾನು ಅವರನ್ನು ಸಮಾಧಾನ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಅದೇ ಮಾತು ನನ್ನ ತಲೆಯಲ್ಲೂ ಬಂದಿತ್ತು, ಅವರು ಬಾಯಲ್ಲಿ ಆಡಿದರು, ನಾನು ಆಡಲಿಲ್ಲ, ಅಷ್ಟೇ. ಇಪ್ಪತ್ತಾರು ವರ್ಷ ತರಗತಿಯಲ್ಲಿ ಗಲಾಟೆಯಾದಾಗೆಲ್ಲ ನಾನು ಮೊದಲು ಯಾರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ? ಒಂದೊಂದೇ ಮುಖ ನೆನಪಾಗತೊಡಗಿತು. ನಾನು ನಿಲ್ಲಿಸಿದ ಮಕ್ಕಳಿಗೆ ಈಗ ಮಕ್ಕಳಾಗಿರಬೇಕು.

“ಬಣ್ಣ ಬದಲಾಯ್ಸಿದ್ರೆ ಸಾಲ್ದು ನಿತೀಶ್,” ಎಂದರು ಅಂಜನಮೂರ್ತಿಯವರು. “ಇಷ್ಟು ವರ್ಷ ಬಟ್ಟಲು ನೋಡ್ಕೊಂಡು ಬರ್ದೆ. ಮನುಷ್ಯರನ್ನ ನೋಡ್ಕೊಂಡು ಬರ್ದಿಲ್ಲ. ಮೊದಲಿಂದ ಬರೀತೀನಿ.”

ಬರೆದರು. ಹನ್ನೆರಡೂ ಹೊಸ ಚಿತ್ರ ಸಮಯಕ್ಕೆ ಹೋದವು, ಚಿಕೊಂಡಿ ಮೇಡಂ ಒಪ್ಪಿದರು, ಸಹಿ ಬಿತ್ತು, ಪುಸ್ತಕದ ಒಳಪುಟದಲ್ಲಿ ಅವರ ಹೆಸರು ಅಚ್ಚಾಗಿದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಬಿಡದೆ ಕಾಡುತ್ತಿರುವುದು ಅದಲ್ಲ. ಮಂಗಳವಾರದ ನಾಚಿಕೆಗಿಂತಲೂ ಹೆಚ್ಚು ಕಾಡುವುದು ಆ ವಾರದ ಭಾನುವಾರ ನಾನು ಅವರ ಮನೆಗೆ ಹೋದಾಗ ಕೇಳಿದ್ದು.

ಗರುಡಾಚಾರ್‌ಪಾಳ್ಯದ ಅವರ ಮನೆಯ ನಡುಮನೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿದ್ದರು. ಪಟಾಲಮ್ಮ ಮಜ್ಜಿಗೆ ತಂದುಕೊಟ್ಟರು. ಮಗಳು ಶ್ವೇತ ಮನೆಯಲ್ಲಿದ್ದಳು. ಕೆ.ಆರ್. ಪುರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವವಳು, ಮೂವತ್ತರ ಹತ್ತಿರದವಳು, ಬಣ್ಣದಲ್ಲಿ ಅಪ್ಪನ ಹಾಗೇ. ಅಂಜನಮೂರ್ತಿಯವರು ಕುರ್ಚಿ ತೋರಿಸಿ ಹೇಳಿದರು:

“ಕೂತ್ಕೋಮ್ಮ ಇಲ್ಲಿ. ಮೊದಲನೇ ಚಿತ್ರದಲ್ಲಿ ಹೊಸಬಳಿಗೆ ಜಾಗ ಕೊಡ್ತಾಳಲ್ಲ, ಆ ಹುಡುಗಿಗೆ ನಿನ್ನ ಮುಖ ನೋಡ್ಕೊಂಡು ಬರೀತೀನಿ.”

“ನಾನಾ?” ಶ್ವೇತ ಜೋರಾಗಿ ನಕ್ಕಳು. “ಅಪ್ಪಾ, ಗ್ಯಾರಂಟೀನಾ? ನಾನು ಬಲಗಡೆಯೋಳಲ್ವಾ?”

ಅವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಕುರ್ಚಿಯಲ್ಲಿ ಕೂರುತ್ತಾ, ಹಳೆಯ ತಮಾಷೆ ಹೇಳುವವಳ ಹಾಗೆ ಹೇಳಿದಳು.

“ಅದೇ ಅಪ್ಪ, ನಾನು ಒಂದನೇ ಕ್ಲಾಸಲ್ಲಿದ್ದಾಗ ಈ ಬಾಗಿಲ ಹಿಂದೆ ನಿನ್ನ ಚಾರ್ಟ್ ಅಂಟಿಸಿದ್ಯಲ್ಲ. ಎಡಗಡೆಯೋಳು ಹಲ್ಲುಜ್ಜಿದ್ರೆ ನಾನೂ ಉಜ್ತಿದ್ದೆ. ಅವಳು ದೊಡ್ಡೋರಿಗೆ ನಮಸ್ಕಾರ ಮಾಡಿದ್ರೆ ನಾನೂ ಮಾಡ್ತಿದ್ದೆ. ಎಲ್ಲಾ ಮಾಡಿ ಮಾಡಿ ಕನ್ನಡಿ ನೋಡ್ಕೊಂಡ್ರೆ ಬಲಗಡೆಯೋಳೇ ಕಾಣ್ತಿದ್ಲು. ಏನು ಮಾಡಿದ್ರೂ ನಾನು ಆ ಕಡೆಗೆ ಸೇರಲ್ಲ ಅಂತ ಗೊತ್ತಾಗಿ ಎಲ್ಲಾ ಬಿಟ್ಬಿಟ್ಟೆ. ಹೋಂವರ್ಕೂ ಬಿಟ್ಟೆ, ಪಕ್ಕದೋಳ ಪೆನ್ಸಿಲ್ಲೂ ಕದ್ದೆ. ನೆನಪಿದ್ಯಾ ಅಮ್ಮ, ಮಿಸ್ಸು ನಿಮ್ಮಿಬ್ರನ್ನೂ ಕರೆಸಿದ್ರಲ್ಲ? ಅಪ್ಪ ಮನೆಗೆ ಬಂದು ಹೊಡೆದಿದ್ನಲ್ಲ?”

ಪಟಾಲಮ್ಮ ಆ ಬಾಗಿಲ ಕಡೆ ನೋಡಿದರು. ಅಂಜನಮೂರ್ತಿಯವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ನಂಗ್ಯಾಕಮ್ಮ ಹೇಳ್ಲಿಲ್ಲ ನೀನು?” ಎಂದು ಕೇಳಿದರು.

ಶ್ವೇತ ನಗುವುದನ್ನು ನಿಲ್ಲಿಸಿದಳು. ಈ ಪ್ರಶ್ನೆಯನ್ನು ಅವಳು ಯಾವತ್ತೂ ಯೋಚಿಸಿರಲಿಲ್ಲ ಅನಿಸುತ್ತದೆ.

“ಏನಂತ ಹೇಳ್ಲಿ ಅಪ್ಪ?” ಎಂದಳು. “ಬರೆದಿದ್ದು ನೀನು. ನಾನು ಎಂಥೋಳು ಅಂತ ನಿಂಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ.”

ಅವತ್ತು ಅವರು ಕುಂಚ ಮುಟ್ಟಲಿಲ್ಲ.